ಕಟ್ಟಡ ಕಾಮಗಾರಿಯಲ್ಲಿ ಮಾತಿನ ಲೆಕ್ಕ: ಅಧ್ಯಯನದ ಮೂರು ವಿಧಾನಗಳು

ಕಟ್ಟಡದ ಲೆಕ್ಕಪತ್ರದಲ್ಲಿ ಸಿಮೆಂಟು, ಕಬ್ಬಿಣ, ಕೂಲಿಗಳಿಗೆ ಖಾತೆಗಳಿರುತ್ತವೆ. ಮಾತಿಗೆ ಖಾತೆ ಇರುವುದಿಲ್ಲ. ಅನೇಕ ವೇಳೆ ನಷ್ಟ ಉದ್ಭವಿಸುವುದು ಅಲ್ಲಿಂದಲೇ.

ಮಂಚೇನಹಳ್ಳಿಯ ಸಮೀಪ ಗೋದಾಮು ಕಟ್ಟಿಸಿದ ನನ್ನ ಕಕ್ಷಿದಾರರೊಬ್ಬರಿಗೆ, ನೆಲಮಟ್ಟವನ್ನು ಎರಡು ಅಡಿ ಏರಿಸಿದ ಹೆಚ್ಚುವರಿ ಮೊತ್ತವು ಅಂತಿಮ ಬಿಲ್ಲಿನಲ್ಲಿ ಬಂದಿತು. ಲಾರಿಯಿಂದ ಮೂಟೆ ಇಳಿಸಲು ಅನುಕೂಲವಾಗಲೆಂದು ಇಂಜಿನಿಯರರು ದೂರವಾಣಿಯಲ್ಲಿ ಸೂಚಿಸಿದ್ದರು. ಮೇಸ್ತ್ರಿ ಪಾಲಿಸಿದ್ದರು. ಮಾಲೀಕರಿಗೆ ದರ ತಿಳಿಸಿದವರಿಲ್ಲ. ಒಪ್ಪಂದದಲ್ಲಿ ಹೆಚ್ಚುವರಿ ಕೆಲಸದ ಷರತ್ತೇ ಇರಲಿಲ್ಲ. ಇಂಥ ಸಂದರ್ಭದಲ್ಲಿ, ಉಚಿತವೆಂದು ಭಾವಿಸದೆ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಪರಿಹಾರ ನೀಡಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಕಲಮು ಹೇಳುತ್ತದೆ. ಆದ್ದರಿಂದ "ನಾನು ಬರೆದುಕೊಟ್ಟಿಲ್ಲ" ಎಂಬ ವಾದವೊಂದೇ ಸಾಲದು.

ತಂಡದ ಮಾತುಕತೆಯನ್ನು ಅಭ್ಯಸಿಸಲು ಮೂರು ವಿಧಾನಗಳು ಉಪಯುಕ್ತ.

1. ಜಾಲದ ನಕ್ಷೆ: ಮಾಲೀಕ, ಇಂಜಿನಿಯರ್, ಗುತ್ತಿಗೆದಾರ, ಮೇಸ್ತ್ರಿ, ಸಾಮಗ್ರಿ ಸರಬರಾಜುದಾರರ ಹೆಸರು ಬರೆದು, ಒಂದು ವಾರ ಯಾರು ಯಾರಿಗೆ ಏನು ತಿಳಿಸಿದರೆಂಬುದನ್ನು ಗೆರೆಗಳಿಂದ ಗುರುತಿಸುವುದು. ಮೊರೆನೊ ಅವರು 1934ರಲ್ಲಿ ಪ್ರಕಟಿಸಿದ ಸಮಾಜಮಿತಿಯು ಇದರ ಮೂಲ. ಗೆರೆ ತಲುಪದ ಹೆಸರೇ ಅಪಾಯದ ಸ್ಥಳ.

2. ಸಭೆಯ ವರ್ಗೀಕರಣ: ರಾಬರ್ಟ್ ಬೇಲ್ಸ್ ಅವರು 1950ರಲ್ಲಿ ಗುಂಪಿನ ಪ್ರತಿ ಮಾತನ್ನೂ 12 ವರ್ಗಗಳಲ್ಲಿ ಎಣಿಸುವ ಕ್ರಮವನ್ನು ರೂಪಿಸಿದರು: ಮಾಹಿತಿ ಕೊಡುವುದು, ಕೇಳುವುದು, ಸಲಹೆ, ಸಮ್ಮತಿ, ಭಿನ್ನಾಭಿಪ್ರಾಯ ಇತ್ಯಾದಿ. ಬ್ರಿಟನ್ನಿನಲ್ಲಿ ಗೋರ್ಸ್ ಮತ್ತು ಎಮಿಟ್ ಇದನ್ನು ಕಟ್ಟಡ ಕಾಮಗಾರಿಯ ಸಭೆಗಳಿಗೆ ಅನ್ವಯಿಸಿದ್ದಾರೆ. ನಮಗೆ ನಾಲ್ಕೈದು ವರ್ಗಗಳು ಸಾಕು. ಪ್ರಶ್ನೆಯೇ ಇಲ್ಲದೆ ಎಲ್ಲರೂ ತಲೆಯಾಡಿಸಿದ ಸಭೆಯನ್ನು ಯಶಸ್ವಿಯೆಂದು ಭಾವಿಸಬಾರದು.

3. ಹಿಮ್ಮುಖ ಪರಿಶೀಲನೆ: ನಾವು ಲೆಕ್ಕಪರಿಶೋಧಕರು ನಮೂದಿನಿಂದ ವೋಚರಿಗೆ ಹೋಗುವಂತೆ, ಬಿಲ್ಲಿನ ಒಂದು ಬಾಬತ್ತಿನಿಂದ ಮೂಲ ಸೂಚನೆಯವರೆಗೆ ಹಿಂದೆ ಸಾಗಿ, ಸೂಚನೆ ಎಲ್ಲಿ ಬದಲಾಯಿತು, ಎಲ್ಲಿ ನಿಂತಿತು ಎಂದು ನೋಡುವುದು. ಮೇಲಿನ ಪ್ರಕರಣದಲ್ಲಿ ದೋಷ ದೊರೆತದ್ದು ಹೀಗೆಯೇ.

ಎಚ್ಚರಿಕೆಗಳೂ ಇವೆ. ಬರೆದುಕೊಳ್ಳುವ ವಿಷಯವನ್ನು ಎಲ್ಲರಿಗೂ ಮುಂಚೆಯೇ ತಿಳಿಸಬೇಕು. ಗಮನಿಸುತ್ತಿರುವರೆಂದು ತಿಳಿದಾಗ ಜನರ ಮಾತು ಬದಲಾಗುವುದರಿಂದ ಒಂದೇ ಸಭೆಯಿಂದ ತೀರ್ಮಾನಿಸಬಾರದು. ತಪ್ಪಿತಸ್ಥರನ್ನು ಹುಡುಕಲು ಹೊರಟರೆ ಮೇಸ್ತ್ರಿ ಬಾಯಿ ತೆರೆಯುವುದಿಲ್ಲ.

ಗೋದಾಮು, ರೀಲಿಂಗ್ ಶೆಡ್ ಮುಂತಾದವನ್ನು ಕಟ್ಟಿಸಲಿರುವ ಸದಸ್ಯರು ದಿನಾಂಕ, ಸೂಚನೆ, ಕೊಟ್ಟವರು, ಪಡೆದವರು, ಅಂದಾಜು ಮೊತ್ತ, ಸಹಿ ಎಂಬ ಆರು ಅಂಕಣಗಳ ಪುಸ್ತಕವೊಂದನ್ನು ಕಾಮಗಾರಿಯ ಸ್ಥಳದಲ್ಲಿಡುವುದು ಒಳಿತು. ದೂರವಾಣಿಯ ಸೂಚನೆಯನ್ನು ಅದೇ ದಿನ ಅದರಲ್ಲಿ ನಮೂದಿಸಿದರೆ ಅಂತಿಮ ಬಿಲ್ಲಿನ ದಿನ ವಿವಾದಕ್ಕೆ ಆಸ್ಪದವಿರದು.