ಫಿಲ್ಮಿಲ್ಲದ ಕ್ಯಾಮರಾ

ಸ್ಟೀವನ್ ಸ್ಯಾಸನ್ ಅಮೆರಿಕದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದು 1973ರಲ್ಲಿ ಕೊಡಕ್ ಕಂಪನಿಯನ್ನು ಸೇರಿದರು. ಫಿಲ್ಮಿನಿಂದಲೇ ಹೆಸರಾದ ಕಂಪನಿಯದು. ಸಿ.ಸಿ.ಡಿ. ಎಂಬ ಹೊಸ ಸಾಧನದಿಂದ ಏನಾದರೂ ಪ್ರಯೋಜನವುಂಟೇ ಎಂದು ಪರೀಕ್ಷಿಸುವ ಕೆಲಸವನ್ನು ಮೇಲಧಿಕಾರಿಯು ಆ ತರುಣರಿಗೆ ವಹಿಸಿದರು.

ಸಿ.ಸಿ.ಡಿ. ಎಂಬುದು ಸಿಲಿಕಾನಿನ ಪುಟ್ಟ ಬಿಲ್ಲೆ. ಸ್ಯಾಸನ್ನರಿಗೆ ದೊರೆತ ಬಿಲ್ಲೆಯಲ್ಲಿ ಸಾಲಿಗೆ ನೂರರಂತೆ ನೂರು ಸಾಲು, ಅಂದರೆ 10,000 ಸೂಕ್ಷ್ಮ ಕೋಶಗಳಿದ್ದವು. ಬೆಳಕು ಹೆಚ್ಚು ಬಿದ್ದ ಕೋಶದಲ್ಲಿ ವಿದ್ಯುದಾವೇಶ ಹೆಚ್ಚು. ಕಡಿಮೆ ಬಿದ್ದಲ್ಲಿ ಕಡಿಮೆ. ಆ ಆವೇಶಗಳನ್ನು ಕ್ರಮವಾಗಿ ಹೊರತಂದು ಅಳೆದು ಅಂಕಿಗಳಾಗಿಸಿದರೆ, ಆ ಅಂಕಿಗಳೇ ಚಿತ್ರ! ಸಂವೇದಕಗಳನ್ನು ಕುರಿತ ಇಂದಿನ ಸ್ನಾತಕೋತ್ತರ ವ್ಯಾಸಂಗಕ್ಕೂ ಈ ತತ್ತ್ವವೇ ತಳಹದಿ.

1975ರ ಡಿಸೆಂಬರಿನಲ್ಲಿ ಸಿದ್ಧವಾದ ಕ್ಯಾಮರಾ ಸುಮಾರು 3.6 ಕಿಲೋಗ್ರಾಂ ತೂಗುತ್ತಿತ್ತು. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರ ಚಿತ್ರ ಟೆಲಿವಿಷನ್ ಪರದೆಯ ಮೇಲೆ ಮೂಡಿದಾಗ ಕೂದಲು, ಹಿನ್ನೆಲೆಗಳು ಕಂಡವು. ಮುಖ ಮಾತ್ರ ಗುರುತು ಸಿಗದಂತೆ ಕಲಸಿಹೋಗಿತ್ತು. ಕೆಲವು ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಅದೂ ಸ್ಪಷ್ಟವಾಯಿತು.

ಛಾಯಾಚಿತ್ರವನ್ನು ಟೆಲಿವಿಷನ್ನಿನಲ್ಲಿ ನೋಡಬಯಸುವವರಾದರೂ ಯಾರು ಎಂದು ಕಂಪನಿಯ ಹಿರಿಯರು ಶಂಕಿಸಿದರು. ಆ ಹಿಂಜರಿಕೆ ಅಕಾರಣವೇನಲ್ಲ. ಫಿಲ್ಮಿಲ್ಲದ ಕ್ಯಾಮರಾ ಅವರ ಅನ್ನಕ್ಕೇ ಕುತ್ತು ತರುವಂತಿತ್ತು. 1978ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆದರೆ ಆ ಕ್ಯಾಮರಾ ಮಾರುಕಟ್ಟೆಗೆ ಬರಲಿಲ್ಲ. ಮುಂದೆ ಫಿಲ್ಮಿನ ಮಾರಾಟ ಕುಸಿಯಿತು. 2012ರಲ್ಲಿ ಕೊಡಕ್ ದಿವಾಳಿ ಕಾನೂನಿನ ಆಶ್ರಯ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು.