ಬೆನ್ನಿಗೆ ವಿಶ್ರಾಂತಿ ಕೊಡುವುದೂ ಧಮ್ಮಾಭ್ಯಾಸವೇ

*ಇಂದಿನ ಧಮ್ಮ ಚಿಂತನೆ*





ಮಜ್ಝಿಮ ನಿಕಾಯದ ಸೇಖ ಸುತ್ತದಲ್ಲಿ ಒಂದು ಸಣ್ಣ ಸಂಗತಿ ಇದೆ. ಕಪಿಲವಸ್ತುವಿನ ಶಾಕ್ಯರು ಹೊಸ ಸಭಾಭವನ ಕಟ್ಟಿಸಿ, ಭಗವಾನರೇ ಮೊದಲು ಅದನ್ನು ಬಳಸಲಿ ಎಂದು ಕರೆಯುತ್ತಾರೆ. ರಾತ್ರಿ ಬಹಳ ಹೊತ್ತು ಬೋಧಿಸಿದ ಮೇಲೆ ಬುದ್ಧರು ಆನಂದನಿಗೆ, ಮುಂದಿನದನ್ನು ನೀನು ಹೇಳು, ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಒರಗುತ್ತೇನೆ ಎನ್ನುತ್ತಾರೆ. ಮೇಲುಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಬಲ ಮಗ್ಗುಲಾಗಿ, ಪಾದದ ಮೇಲೆ ಪಾದವಿಟ್ಟು, ಅರಿವಿನಿಂದ ಮಲಗುತ್ತಾರೆ. ಇದೇ ಸಿಂಹಶಯ್ಯೆ.

ಬುದ್ಧರು ತಮ್ಮ ನೋವನ್ನು ಮುಚ್ಚಿಡಲಿಲ್ಲ. ತುಂಬಿದ ಸಭೆಯ ಮುಂದೆ ಮಲಗುವುದಕ್ಕೆ ನಾಚಲೂ ಇಲ್ಲ.

ನಮಗೆ ಮಾತ್ರ ನಾಚಿಕೆ. ನಮ್ಮ ಭಾನುವಾರದ ಅಧ್ಯಯನಕ್ಕೆ ಬರುವ ಒಬ್ಬ ಅಕ್ಕ ಹೇಳಿದರು: "ಟೀಚರ್, ಹಗಲೊತ್ತು ಹತ್ತು ನಿಮಿಷ ಅಡ್ಡಾದ್ರೂ ಏನೋ ತಪ್ಪು ಮಾಡಿದಂಗ ಅನಸ್ತದ್ರಿ." ಬೆಳಗಿನಿಂದ ತೊಗರಿ ಹೊಲದಲ್ಲಿ ಬಾಗಿ ಕಳೆ ಕಿತ್ತು ಬಂದವರ ಮಾತು ಇದು. ಇನ್ನೊಬ್ಬರ ಸೇವೆಯೇ ನಿಮ್ಮ ಧರ್ಮ ಎಂದು ತಲೆಮಾರುಗಳಿಂದ ನಮ್ಮವರಿಗೆ ಹೇಳಿದ್ದರು. ನಮ್ಮವರು ಕೂತರೆ ಸೋಮಾರಿತನ, ಕೂರಿಸಿಕೊಂಡವರು ಕೂತರೆ ಅದು ದೊಡ್ಡಸ್ತಿಕೆ. ಆ ಮಾತು ನಮ್ಮ ಮೈಯೊಳಗೆ ಇನ್ನೂ ಕೂತಿದೆ.

ಬಾಬಾಸಾಹೇಬರು ಇದನ್ನು ಬಲ್ಲವರು. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. 1946ರಲ್ಲಿ ಕಾರ್ಖಾನೆ ಕಾಯ್ದೆಗೆ ಆದ ತಿದ್ದುಪಡಿ, ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನು 48 ಗಂಟೆಗೆ ಇಳಿಸಿತು. ದುಡಿಯುವವನಿಗೆ ವಿಶ್ರಾಂತಿ ದಯೆಯಿಂದ ಸಿಗುವುದಲ್ಲ, ಅದು ಅವನ ಹಕ್ಕು.

*ಇದಕ್ಕೂ ಅಭ್ಯಾಸ ಬೇಕೇ?*

ಬೇಕು. ದಣಿದ ಮೈ ಮಲಗಿದರೂ ಬಿಗಿಯಾಗಿಯೇ ಇರುತ್ತದೆ. ಬುದ್ಧರು ಹೇಳಿದ ಏಳು ಬೋಧ್ಯಂಗಗಳಲ್ಲಿ ಐದನೆಯದು ಪಸ್ಸದ್ಧಿ, ಅಂದರೆ ಕಾಯ ಮತ್ತು ಚಿತ್ತ ಎರಡರ ಪ್ರಶಾಂತಿ. ಅದರ ನಂತರವೇ ಸಮಾಧಿ ಬರುತ್ತದೆ. ಮೈ ಸಡಿಲವಾಗದೆ ಮನಸ್ಸು ನಿಲ್ಲದು.

ದಿನಕ್ಕೆ ಆರು ಪಿರಿಯಡ್ ನಿಂತು ಪಾಠ ಹೇಳುವ ಬೆನ್ನು ನನ್ನದು. ಎರಡು ವರ್ಷದಿಂದ ಬೆನ್ನು ತಿರುಚುವ ಆಸನಗಳನ್ನೂ ರೆಸ್ಟೋರೇಟಿವ್ ಯೋಗವನ್ನೂ ಕಲಿಯುತ್ತಿದ್ದೇನೆ. ರೆಸ್ಟೋರೇಟಿವ್ ಎಂದರೆ ಮೈಯ ಭಾರವನ್ನೆಲ್ಲ ದಿಂಬು, ಕಂಬಳಿ, ಕುರ್ಚಿಯ ಮೇಲೆ ಬಿಟ್ಟು ಸುಮ್ಮನಿರುವುದು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಇಂಥ ಆಧಾರಗಳ ಬಳಕೆಯನ್ನು ಬೆಳೆಸಿದರು. ಈ ಪದ್ಧತಿ ಅಲ್ಲಿಂದ ಮುಂದುವರಿಯಿತು.

"ಯೋಗ ನಮ್ಮದಲ್ಲವಲ್ಲ?" ಎಂದು ಕೆಲವರು ಕೇಳುತ್ತಾರೆ. ಹಠಯೋಗದ ಅತಿ ಹಳೆಯ ಗ್ರಂಥಗಳಲ್ಲಿ ಒಂದಾದ ಅಮೃತಸಿದ್ಧಿ ವಜ್ರಯಾನ ಬೌದ್ಧರ ಪರಿಸರದಲ್ಲಿ ಹುಟ್ಟಿತೆಂದು ಸಂಶೋಧಕರು ಹೇಳುತ್ತಾರೆ. ಅದಿರಲಿ, ಬೆನ್ನುಮೂಳೆಗೆ ಜಾತಿಯಿಲ್ಲ. ಮಂತ್ರ ಬೇಡ, ನಮಸ್ಕಾರ ಬೇಡ, ಉಸಿರು ಮತ್ತು ಅರಿವು ಸಾಕು. ತಿರುಚಿದರೆ ಮೈಯ ವಿಷ ಹಿಂಡಿಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ, ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡದ್ದು. ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ. ಅಷ್ಟೇ ಸಾಕಷ್ಟು ಲಾಭ.

*ಕ್ರಮ*

1. *ಕುರ್ಚಿಯಲ್ಲಿ ತಿರುಚು:* ಕೈಯಿಲ್ಲದ ಕುರ್ಚಿಯಲ್ಲಿ ಅಡ್ಡವಾಗಿ ಕೂತು, ಪಾದ ನೆಲಕ್ಕೂರಿ, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಉಸಿರು ಎಳೆಯುತ್ತ ಬೆನ್ನು ನೀಳ ಮಾಡಿ, ಬಿಡುತ್ತ ತಿರುಗಿ. ಮೊದಲು ಹೊಟ್ಟೆ, ಆಮೇಲೆ ಎದೆ, ಕತ್ತು ಕೊನೆಗೆ. ಐದಾರು ಉಸಿರು, ನಂತರ ಇನ್ನೊಂದು ಬದಿ. ಉಸಿರು ಕಟ್ಟಿದರೆ ಹೆಚ್ಚು ತಿರುಗಿದ್ದೀರಿ ಎಂದರ್ಥ, ಸ್ವಲ್ಪ ಹಿಂದೆ ಬನ್ನಿ.

2. *ಮಲಗಿ ತಿರುಚು:* ಅಂಗಾತ ಮಲಗಿ, ಮಂಡಿ ಮಡಚಿ, ಎರಡೂ ಮಂಡಿಗಳನ್ನು ಬಲಕ್ಕೆ ಇಳಿಬಿಡಿ. ಮಂಡಿ ನೆಲ ಮುಟ್ಟದಿದ್ದರೆ ಕೆಳಗೆ ದಿಂಬು ಇಡಿ. ಎಡ ಭುಜ ನೆಲದ ಕಡೆಗೇ ಇರಲಿ. ಎರಡು ನಿಮಿಷವಾದ ಮೇಲೆ ಎಡಕ್ಕೆ.

3. *ಕೌದಿಯ ಮೇಲೆ:* ಕೌದಿಯನ್ನು ಉದ್ದಕ್ಕೆ ದಪ್ಪಗೆ ಸುತ್ತಿ, ಅದರ ತುದಿಗೆ ಒಂದು ಸೊಂಟ ತಾಗುವಂತೆ ಕೂತು, ಮಂಡಿ ಮಡಚಿ ಪಕ್ಕಕ್ಕಿಡಿ. ಎದೆಯನ್ನು ಕೌದಿಯ ಕಡೆ ತಿರುಗಿಸಿ ಅದರ ಮೇಲೆ ಬೋರಲಾಗಿ ಒರಗಿ, ಕೆನ್ನೆ ಇಡಿ. ಒಂದೊಂದು ಬದಿ ಮೂರು ನಿಮಿಷ. ನಮ್ಮ ಅವ್ವಂದಿರು ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಯೇ ಸಾಕು, ಏನೂ ಕೊಳ್ಳಬೇಕಿಲ್ಲ.

4. *ಕಾಲು ಕುರ್ಚಿಯ ಮೇಲೆ:* ನೆಲದಲ್ಲಿ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ. ಕಣ್ಣಿನ ಮೇಲೆ ಮಡಚಿದ ಬಟ್ಟೆ. ಆನಾಪಾನಸತಿಯಲ್ಲಿ ಕಲಿತಂತೆ ಉಸಿರು ಬಿಡುವಾಗ ಮೈ ತಣಿಯುವುದನ್ನು ಗಮನಿಸಿ. ಕೊನೆಗೆ ಬಲ ಮಗ್ಗುಲಾಗಿ, ಸಿಂಹಶಯ್ಯೆಯಲ್ಲಿ ಒಂದು ನಿಮಿಷ ಇದ್ದು, ಕೈಯೂರಿ ಏಳಿ.

ಊಟವಾಗಿ ಮೂರು ಗಂಟೆ ಕಳೆದಿರಲಿ. ಗರ್ಭಿಣಿಯರು, ಡಿಸ್ಕ್ ತೊಂದರೆ ಅಥವಾ ಮೂಳೆ ಸವೆತ ಇರುವವರು, ಹೊಟ್ಟೆಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ತಿರುಚಬೇಡಿ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಮೈಯನ್ನು ಹಿಂಸಿಸುವ ತಪಸ್ಸನ್ನು ಸಿದ್ಧಾರ್ಥರು ಸ್ವತಃ ಮಾಡಿ ನೋಡಿ ಬಿಟ್ಟರು. ನಮ್ಮದು ಮಧ್ಯಮ ಮಾರ್ಗ.

ಎಹಿಪಸ್ಸಿಕೋ, ಬಂದು ನೋಡಿ. ನಾನು ಹೇಳಿದೆನೆಂದು ಒಪ್ಪಬೇಡಿ, ಏಳು ದಿನ ಮಾಡಿ ನೋಡಿ.

*ಇಂದಿನ ಅಭ್ಯಾಸ:* ಸಂಜೆ ಇಪ್ಪತ್ತು ನಿಮಿಷ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರು ಯಾರೋ, ಮೊದಲ ಕೌದಿ ಅವರಿಗೆ ಹಾಸಿ. ಆ ಹೊತ್ತು ಒಲೆಯ ಮುಂದೆ ಬೇರೆಯವರು ನಿಲ್ಲಲಿ.

*ಚಿಂತನೆಗೆ:* ಸುಮ್ಮನೆ ಮಲಗಿದಾಗ ಮನಸ್ಸು "ಏಳು, ಕೆಲಸ ಬಾಕಿ ಇದೆ" ಎನ್ನುತ್ತದಲ್ಲ, ಆ ದನಿ ಯಾರದು?

ಭವತು ಸಬ್ಬ ಮಂಗಲಂ. ಜೈ ಭೀಮ್.