ಅತ್ತೆಯ ಗುಳಿಗೆ ಚೀಲ

ಸಕ್ಕರೆ ಏರಿದರೆ ಏನಾಗುತ್ತದೆ ಎಂಬುದು ಬಾಡಗಂಡಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಯಾರ ಗಾಯ ಮಾಯಲಿಲ್ಲ, ಯಾರ ಕಣ್ಣು ಮಂಜಾಯಿತು ಎಂಬ ಲೆಕ್ಕ ಕಟ್ಟೆಯ ಮೇಲೆ ದಿನಾ ನಡೆಯುತ್ತದೆ. ಸಕ್ಕರೆ ಇಳಿಯುವುದರ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಇಳಿದರೆ ಒಳ್ಳೆಯದೇ ಅಲ್ಲವೇ ಎಂದುಕೊಳ್ಳುವವರೇ ಹೆಚ್ಚು.

ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಗೆ ಚಿಕ್ಕಂದಿನಲ್ಲಿ ಕೀಲುಜ್ವರವೂ ಬಂದು ಹೃದಯದ ಕವಾಟ ಕಿರಿದಾಗಿದೆ. ಬಡಿತ ತಾಳ ತಪ್ಪುತ್ತದೆ. ಹಾಗಾದಾಗ ಹೃದಯದೊಳಗೆ ರಕ್ತ ಗರಣೆಗಟ್ಟಿ, ಆ ಗರಣೆ ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ರಕ್ತ ಗರಣೆಗಟ್ಟದಂತೆ ತಡೆಯುವ ಎಸಿಟ್ರಾಮ್ ಗುಳಿಗೆ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್ಆರ್ ಪರೀಕ್ಷೆ ಪದೇ ಪದೇ ಬೇಡದ ಹೊಸ ಗುಳಿಗೆಗಳಿವೆಯಲ್ಲ ಎಂದು ನಾನೂ ಕೇಳಿದ್ದೆ. ಕೀಲುಜ್ವರದಿಂದ ಕೆಟ್ಟ ಕವಾಟಕ್ಕೆ ಹಳೆಯದೇ ಮೇಲು ಎಂದರು ಡಾಕ್ಟರು. 2022ರಲ್ಲಿ ಬಂದ ಇನ್ವಿಕ್ಟಸ್ ಅಧ್ಯಯನವೂ ಅದನ್ನೇ ಹೇಳಿದೆ. ಎಸಿಟ್ರಾಮ್ ಬಾಗಲಕೋಟೆಯ ಹೃದಯದ ಡಾಕ್ಟರ ಚೀಟಿ. ಸಕ್ಕರೆಗೆ ಗ್ಲಿಮೆಪಿರೈಡ್, ಅದು ಬೀಳಗಿಯ ಬೇರೆ ಡಾಕ್ಟರ ಚೀಟಿ. ಎರಡೂ ಸರಿಯಾಗಿಯೇ ಇದ್ದವು.

ಮಳೆಗಾಲದಲ್ಲಿ ಅವರಿಗೆ ಉರಿಮೂತ್ರ ಶುರುವಾಯಿತು. ಊಟ ಸೇರದು, ಅರ್ಧ ರೊಟ್ಟಿ, ಒಂದಿಷ್ಟು ಮಜ್ಜಿಗೆ. ಯಾರೋ ಅಂಗಡಿಯಿಂದ ಗುಳಿಗೆ ತಂದುಕೊಟ್ಟರು, ಕೋಟ್ರೈಮೊಕ್ಸಜೋಲ್. ಉರಿ ಕಡಿಮೆಯಾಯಿತು. ಆದರೆ ಹಲ್ಲು ಉಜ್ಜುವಾಗ ವಸಡಿನಲ್ಲಿ ರಕ್ತ ಬರತೊಡಗಿತು, ಮುಂಗೈಯಲ್ಲಿ ನೀಲಿ ಕಲೆಗಳೆದ್ದವು. ಒಂದು ಬೆಳಗಿನ ಜಾವ ಎದ್ದು ನೋಡಿದರೆ ಅತ್ತೆಯ ಕುಪ್ಪಸ ಬೆವರಿಗೆ ತೊಯ್ದು ತೊಪ್ಪೆಯಾಗಿದೆ. ಕಣ್ಣು ತೆರೆದಿವೆ, ನೋಟ ಇಲ್ಲ. "ಎಮ್ಮಿ ಬಿಚ್ಚಿ ಹೊಂಟೈತಿ, ಕಟ್ರಿ" ಅನ್ನುತ್ತಿದ್ದಾರೆ. ಆ ಎಮ್ಮೆ ಮಾರಿ ಎಷ್ಟೋ ವರ್ಷ. ಪಕ್ಕದ ಮನೆಯವರು ಬಂದು "ಲಕ್ವಾ ಹೊಡದೈತಿ" ಅಂದರು, ಇನ್ನೊಬ್ಬರು ವಿಭೂತಿ ತರಲು ಓಡಿದರು. ಬೆರಳು ಚುಚ್ಚಿ ಮೀಟರ್ ನೋಡಿದೆ: 41.

70ರ ಕೆಳಗೆ ಇಳಿದರೆ ಕಡಿಮೆ, 54ರ ಕೆಳಗಾದರೆ ಅಪಾಯ. ನುಂಗುವ ಎಚ್ಚರ ಇದ್ದುದರಿಂದ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ "ಯಾಕ ಎಲ್ಲಾರೂ ನಿಂತೀರಿ?" ಎಂದು ಎದ್ದು ಕೂತರು. ಮನೆಯವರೆಲ್ಲ ನಿರಾಳರಾದರು. ಮಧ್ಯಾಹ್ನ ಉಣ್ಣಿಸಿದ ಮೇಲೂ ಮತ್ತೆ ಬೆವರು, ಮತ್ತೆ ಇಳಿತ. ಗ್ಲಿಮೆಪಿರೈಡ್‌ನಿಂದ ಆಗುವ ಇಳಿತದ ಸ್ವಭಾವವೇ ಹಾಗೆ. ಔಷಧ ಮೈಯಲ್ಲಿರುವ ತನಕ ಅದು ಮರಳಿ ಮರಳಿ ಬರುತ್ತದೆ, ಮೂತ್ರಪಿಂಡ ಸೋತಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಆಸ್ಪತ್ರೆಯಲ್ಲಿ ಇಡೀ ದಿನ ಕಣ್ಣಿಟ್ಟು ನೋಡಬೇಕಾಗುತ್ತದೆ.

ಅತ್ತೆಯನ್ನು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಡ್ರಿಪ್ ಹಚ್ಚಿದ ಡಾಕ್ಟರು ಹೇಳಿದ ಮಾತು ನನಗೆ ಕಲಿಸಿದ್ದು ಬಹಳ: "ಚೀಟಿ ಬ್ಯಾಡ್ರಿ, ಮನ್ಯಾಗಿನ ಗುಳಿಗಿ ಚೀಲಾನ ತರ್ರಿ." ಚೀಲ ಸುರಿದು ಕೋಟ್ರೈಮೊಕ್ಸಜೋಲ್ ಪಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟರು, ಐಎನ್ಆರ್‌ಗೆ ರಕ್ತ ಕಳಿಸಿದರು. ಅತ್ತೆಗೆ ಅದು 2ರಿಂದ 3ರೊಳಗೆ ಇರಬೇಕು. ಬಂದದ್ದು 6ರ ಮೇಲೆ. ಎಸಿಟ್ರಾಮ್ ತಡೆಹಿಡಿದು ವಿಟಮಿನ್ ಕೆ ಕೊಟ್ಟರು.

ಅವರು ವಿವರಿಸಿದ್ದು ಹೀಗೆ. ಎಸಿಟ್ರಾಮ್, ಗ್ಲಿಮೆಪಿರೈಡ್ ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸಿ ಹೊರಹಾಕುತ್ತದೆ. ಹೊಸ ಗುಳಿಗೆ ಆ ಕಿಣ್ವವನ್ನು ತಡೆದಾಗ, ಕಾರ್ಖಾನೆಯ ಕಾಟಾ ಕೆಟ್ಟು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯುದ್ದ ನಿಂತಂತೆ ಎರಡೂ ಔಷಧ ರಕ್ತದಲ್ಲೇ ನಿಂತುಬಿಟ್ಟವು. ವಸಡಿನ ರಕ್ತ, ಬೆಳಗಿನ ಬೆವರು ಎರಡಕ್ಕೂ ಕಾರಣ ಒಂದೇ. ಅತ್ತೆಯ ಮೂತ್ರಪಿಂಡವೂ ಸೋತಿತ್ತು. ಅದು, ಊಟ ಬಿಟ್ಟದ್ದು ಎರಡೂ ಮೇಲಿಂದ ಸೇರಿಕೊಂಡವು.

ಆಮೇಲೆ ಓದುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಔಷಧಗಳ ಹುಟ್ಟು. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಮಾರ್ಸೆಲ್ ಜಾಂಬೋನ್ ಎಂಬ ವೈದ್ಯರು ವಿಷಮಶೀತ ಜ್ವರಕ್ಕೆ ಹೊಸ ಸಲ್ಫಾ ಔಷಧ ಕೊಟ್ಟಾಗ ರೋಗಿಗಳ ಸಕ್ಕರೆ ಕುಸಿಯಿತು. ಆ ಕುಸಿತವನ್ನೇ ಬೆನ್ನುಹತ್ತಿದ್ದರಿಂದ ಗ್ಲಿಮೆಪಿರೈಡ್‌ನ ಬಳಗ ಹುಟ್ಟಿತು. ಕೋಟ್ರೈಮೊಕ್ಸಜೋಲ್ ಕೂಡ ಸಲ್ಫಾ ಗುಳಿಗೆಯೇ, ಮೂತ್ರಪಿಂಡ ಸೋತವರಲ್ಲಿ ಅದೊಂದೇ ಸಕ್ಕರೆ ಇಳಿಸಬಲ್ಲದು. ಎಸಿಟ್ರಾಮ್‌ನ ಬಳಗ ಬಂದದ್ದು ಅಮೆರಿಕದಲ್ಲಿ ಕೆಟ್ಟ ಮೇವು ತಿಂದು ರಕ್ತ ಸುರಿದು ಸತ್ತ ದನಗಳಿಂದ. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅದರ ಕಾರಣ ಹುಡುಕಿದರು. ಅದೇ ಬಳಗದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಮಾರಾಟವಾಗಿ, 1954ರಲ್ಲಿ ಮನುಷ್ಯರ ಔಷಧವಾಯಿತು. ಅಡ್ಡಪರಿಣಾಮವೇ ಇವುಗಳ ಗುಣ. ಆ ಗುಣ ಎಷ್ಟಿರಬೇಕು ಎಂಬುದರ ಮೇಲೆ ಅತ್ತೆಯ ಜೀವ ನಿಂತಿದೆ.

ಮೂರನೆಯ ಗುಳಿಗೆ ಬರದಿದ್ದರೂ ಈ ಜೋಡಿಗೆ ಎಚ್ಚರ ಬೇಕು. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಅಮೆರಿಕದ ವೃದ್ಧರಲ್ಲಿ ಗ್ಲಿಮೆಪಿರೈಡ್ ಅಥವಾ ಗ್ಲಿಪಿಜೈಡ್ ಜೊತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾಗ ಸಕ್ಕರೆ ಇಳಿದು ಆಸ್ಪತ್ರೆಗೆ ಬಂದವರು ಹೆಚ್ಚು, ಬಿದ್ದು ಮೂಳೆ ಮುರಿದುಕೊಂಡವರೂ ಹೆಚ್ಚು. ರಕ್ತ ಬೇಗ ಹೆಪ್ಪುಗಟ್ಟದವರು ತಲೆ ತಿರುಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಏನಾದೀತು ಎಂದು ನೆನೆದರೆ ನನಗೆ ಇಂದಿಗೂ ಎದೆ ನಡುಗುತ್ತದೆ.

ಈಗ ಅತ್ತೆಯ ಗ್ಲಿಮೆಪಿರೈಡ್ ನಿಲ್ಲಿಸಿ, ಸಕ್ಕರೆಯನ್ನು ಅಷ್ಟಾಗಿ ಕುಸಿಸದ ಬೇರೆ ಗುಳಿಗೆ ಬರೆದುಕೊಟ್ಟಿದ್ದಾರೆ. ಜ್ವರವಿರಲಿ, ಹುಳುಕಡ್ಡಿಯಿರಲಿ, ಮಂಡಿನೋವಿರಲಿ, ಅಂಗಡಿಯಲ್ಲಿ ನಾನು ಮೊದಲು ಹೇಳುವುದು "ಇವರು ಎಸಿಟ್ರಾಮ್ ತಗೋತಾರ್ರಿ" ಎಂದೇ. ಹುಳುಕಡ್ಡಿಗೆ ಕೊಡುವ ಫ್ಲೂಕೊನಜೋಲ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್ಆರ್ ಏರಿಸುತ್ತವೆ. ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆಗಳಿಂದ ಹೊಟ್ಟೆಯೊಳಗೆ ರಕ್ತ ಸೋರಬಹುದು. ಹೊಸ ಗುಳಿಗೆ ಶುರುವಾದ ವಾರದೊಳಗೇ ಐಎನ್ಆರ್ ಮಾಡಿಸುತ್ತೇವೆ. ಕಪ್ಪು ಮಲ, ಕೆಂಪು ಮೂತ್ರ, ಎಂದೂ ಇಲ್ಲದ ತಲೆನೋವು ಕಂಡರೆ ಬೆಳಗಾಗುವುದನ್ನು ಕಾಯಬಾರದು. ಸಕ್ಕರೆ ಇಳಿದಾಗ ಎಚ್ಚರವಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ.

ಸೊಪ್ಪಿನ ವಿಷಯದಲ್ಲಿ ಮಾತ್ರ ಮನೆಯಲ್ಲಿ ಇನ್ನೂ ಜಗ್ಗಾಟವಿದೆ. ಸೊಪ್ಪಿನ ವಿಟಮಿನ್ ಕೆ ಎಸಿಟ್ರಾಮ್‌ಗೆ ಎದುರು ಎಂದು ಕೇಳಿದವರು ಪೂರಾ ಬಿಡಿಸಿಬಿಡಿ ಎಂದರು. ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯ ಹಸಿಯಾಗಿ ತಿಂದು ಬೆಳೆದ ಜೀವಕ್ಕೆ ಅದು ಶಿಕ್ಷೆ. ಬಿಡಬೇಡಿ, ದಿನಾ ಸುಮಾರು ಒಂದೇ ಅಳತೆಯಲ್ಲಿ ತಿನ್ನಲಿ, ಅದಕ್ಕೆ ಹೊಂದಿಸಿ ಗುಳಿಗೆ ಕೊಡುತ್ತೇನೆ ಎಂದರು ಡಾಕ್ಟರು. ಸಂತೆಯ ದಿನ ಅತ್ತೆ ಎರಡು ಸಿವುಡು ಕೇಳುತ್ತಾರೆ, ನಾನು ಒಂದೇ ತರುತ್ತೇನೆ.